ಲಿಪಿಡ್ ವರದಿ ಓದುವುದು ಹೇಗೆ?

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಹೆಚ್ಚಿನವರು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನಷ್ಟೇ ಹುಡುಕುತ್ತಾರೆ. ಸಿಗದಿದ್ದರೆ ಹಾಳೆ ಮಡಚಿ ಕಪಾಟಿಗೆ ಸೇರುತ್ತದೆ, ಸಿಕ್ಕರೆ ಮನೆಮಂದಿಗೆಲ್ಲ ಗಾಬರಿ. ಎರಡೂ ಅವಸರದ ತೀರ್ಮಾನಗಳೇ. ವರದಿ ಓದಲು ಐದು ನಿಮಿಷ ಕೊಡಿ, ಪೆನ್ನು ಹಿಡಿದು ಕುಳಿತುಕೊಳ್ಳಿ.

ಹಂತ 1: ಜ್ವರವೋ ಶಸ್ತ್ರಚಿಕಿತ್ಸೆಯೋ ಆದ ಹೊಸತರಲ್ಲಿ ರಕ್ತ ಕೊಡಬೇಡಿ, ಆಗ ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’) ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಉಪವಾಸ ಬಹುಪಾಲು ಜನರಿಗೆ ಕಡ್ಡಾಯವಲ್ಲ.

ಹಂತ 2: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (‘ಒಳ್ಳೆಯ ಕೊಲೆಸ್ಟ್ರಾಲ್’) ಕಳೆಯಿರಿ. ಜನ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡೋಣ.

ಒಬ್ಬರ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 195, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 240 ಇದೆ ಎನ್ನಿ. ಇನ್ನೊಬ್ಬರದು 225, 75, 90. (ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕ.) ಮೊದಲನೆಯವರ ಒಟ್ಟು ಅಂಕಿ 200ರ ಒಳಗಿದೆ ಎಂದು ಅವರು ನಿರಾಳ; ಎರಡನೆಯವರಿಗೆ ರಾತ್ರಿ ನಿದ್ರೆಯಿಲ್ಲ. ಈಗ ಕಳೆದು ನೋಡಿ: ಮೊದಲನೆಯವರಿಗೆ 160, ಎರಡನೆಯವರಿಗೆ 150. ನಿರಾಳವಾಗಿದ್ದವರ ರಕ್ತದಲ್ಲಿಯೇ ನಾಳಕ್ಕೆ ಹಾನಿ ಮಾಡಬಲ್ಲ ಕೊಲೆಸ್ಟ್ರಾಲ್ ಹೆಚ್ಚು!

ವರದಿಯ ಎಲ್‌ಡಿಎಲ್ ಸಾಲು ಇದನ್ನು ಮುಚ್ಚಿಡುತ್ತದೆ. ಅನೇಕ ಪ್ರಯೋಗಾಲಯಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಸೂತ್ರ ಹಾಕಿ ಪಡೆಯುತ್ತವೆ. ಹಳೆಯ ಫ್ರೀಡ್‌ವಾಲ್ಡ್ ಸೂತ್ರದಲ್ಲಿ ಒಟ್ಟು ಅಂಕಿಯಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಹಾಗೆ ಮಾಡಿದರೆ ಮೊದಲನೆಯವರ ಎಲ್‌ಡಿಎಲ್ 112, ಎರಡನೆಯವರದು 132. ಚಿತ್ರ ತಲೆಕೆಳಗಾಯಿತು. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಸೂತ್ರ ಹಳಿ ತಪ್ಪುತ್ತದೆ. 400 ದಾಟಿದರೆ ಅದನ್ನು ಬಳಸುವಂತೆಯೇ ಇಲ್ಲ, ಉಪವಾಸವಿದ್ದು ಮತ್ತೆ ರಕ್ತ ಕೊಡಬೇಕು.

ಎಲ್‌ಡಿಎಲ್ ಒಂದೇ ಅಲ್ಲ, ಟ್ರೈಗ್ಲಿಸರೈಡ್ ಹೊತ್ತು ಸಾಗುವ ವಿಎಲ್‌ಡಿಎಲ್‌ನ ಉಳಿಕೆ ಕಣಗಳೂ ರಕ್ತನಾಳದ ಒಳಗೋಡೆಗೆ ನುಸುಳಿ ಸಿಕ್ಕಿಬೀಳುತ್ತವೆ. ಇಂಥ ಪ್ರತಿಯೊಂದು ಕಣದ ಮೇಲೂ ಅಪೊಬಿ ಎಂಬ ಪ್ರೋಟೀನ್ ಒಂದೇ ಒಂದು ಇರುವುದರಿಂದ, ಅಪೊಬಿ ಅಳೆದರೆ ಕಣಗಳ ತಲೆ ಎಣಿಸಿದಂತೆ. ಮಧುಮೇಹ ಅಥವಾ ಹೆಚ್ಚಿನ ಟ್ರೈಗ್ಲಿಸರೈಡ್ ಇರುವವರು ವೈದ್ಯರಲ್ಲಿ ಈ ಪರೀಕ್ಷೆಯನ್ನು ಕೇಳಿಯೇ ಕೇಳಬೇಕು ಎಂಬುದು ನನ್ನ ಹಟ. ಅದು ಸಿಗದಿದ್ದರೆ ಮೇಲಿನ ಕಳೆಯುವ ಲೆಕ್ಕವೇ ಸಾಕು. ಅದಕ್ಕೆ ಖರ್ಚೂ ಇಲ್ಲ. ಎಲ್‌ಡಿಎಲ್‌ಗೆ ಹೇಳಿದ ಗುರಿಗೆ 30 ಕೂಡಿಸಿದರೆ ಹೀಗೆ ಕಳೆದು ಬಂದ ಅಂಕಿಯ ಗುರಿ ಸಿಗುತ್ತದೆ.

ಹಂತ 3: ಎಚ್‌ಡಿಎಲ್ ನೋಡಿ, ಆದರೆ ಅದನ್ನು ರಕ್ಷಾಕವಚ ಎಂದು ನಂಬಬೇಡಿ. ಅದು ಕಡಿಮೆಯಿದ್ದರೆ ಎಚ್ಚರಿಕೆ. ಹೆಚ್ಚಿದ್ದರೆ ಉಳಿದ ತಪ್ಪುಗಳಿಗೆ ಮಾಫಿ ಇಲ್ಲ. ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ಲನ್ನು ಚೆನ್ನಾಗಿಯೇ ಏರಿಸಿತ್ತು. ಆದರೆ ಅದನ್ನು ಸೇವಿಸಿದವರಲ್ಲಿ ಸಾವು ಹೆಚ್ಚಿದ್ದರಿಂದ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ‘ಒಳ್ಳೆಯ ಕೊಲೆಸ್ಟ್ರಾಲ್ ಹೆಚ್ಚಿಸುತ್ತದೆ’ ಎಂದು ಬರೆದ ಡಬ್ಬಿಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಡುಗೆ ಎಣ್ಣೆಯ ಮೇಲಿನ ‘ಕೊಲೆಸ್ಟ್ರಾಲ್ ಮುಕ್ತ’ ಎಂಬ ಪಟ್ಟಿಯೂ ಇದೇ ಜಾತಿಯದು. ಸಸ್ಯದ ಎಣ್ಣೆಯಲ್ಲಿ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇದ್ದದ್ದಾದರೂ ಯಾವಾಗ?

ಹಂತ 4: ಅಂಕಿಯ ಪಕ್ಕದಲ್ಲಿ ನಿಮ್ಮ ವಯಸ್ಸು, ರಕ್ತದೊತ್ತಡ, ಸಕ್ಕರೆ, ಧೂಮಪಾನ, ಮನೆತನದ ಹೃದ್ರೋಗ ಇವಿಷ್ಟನ್ನೂ ಬರೆಯಿರಿ. ವರದಿಯ ‘ಸಾಮಾನ್ಯ ಮಿತಿ’ ಇದ್ಯಾವುದನ್ನೂ ಕೇಳಿ ಅಚ್ಚಾದದ್ದಲ್ಲ. ಆರೋಗ್ಯವಂತ ಯುವಕನ ಎಲ್‌ಡಿಎಲ್ 100 ಇದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಮ್ಮೆ ಹೃದಯಾಘಾತವಾದವರಿಗೆ ಅದೇ ಅಂಕಿ ಹೆಚ್ಚು, ಅವರದು 70ಕ್ಕಿಂತ ಕೆಳಗಿರಬೇಕು. ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ 55 ಎನ್ನುತ್ತದೆ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಂಶವಾಹಿಯ ಕಾರಣವನ್ನು ಹುಡುಕಬೇಕು, ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು. ಥೈರಾಯ್ಡ್ ಕುಂದಿದರೂ ಎಲ್‌ಡಿಎಲ್ ಏರುವುದುಂಟು, ಅದನ್ನೂ ನೋಡಿಸಿ.

ಹಂತ 5: ಲಿಪೊಪ್ರೋಟೀನ್-ಎ (ಎಲ್‌ಡಿಎಲ್‌ನಂಥದೇ ಇನ್ನೊಂದು ಕಣ) ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿ. ಅದರ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು, ಪಥ್ಯದಿಂದ ಹೆಚ್ಚೇನೂ ಬದಲಾಗದು. 50 ಮಿಲಿಗ್ರಾಂ ದಾಟಿದ್ದರೆ ಉಳಿದ ಅಂಕಿಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಇಳಿಸಬೇಕಾಗುತ್ತದೆ.

ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರೆ 4ರಿಂದ 12 ವಾರಗಳ ನಡುವೆ ಅದೇ ಪ್ರಯೋಗಾಲಯದಲ್ಲಿ ಮತ್ತೆ ರಕ್ತ ಕೊಡಿ. ಅಂಕಿ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಇಳಿಸಿದ್ದೇ ಆ ಮಾತ್ರೆ.