ಬಡ್ತಿ ತಪ್ಪಿಸಿದ ಆ ಒಂದು ವರದಿ

ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವರಿಗೆ ಬಡ್ತಿ ಸಿಕ್ಕಿತು, ನನಗಿಲ್ಲ. ಮೇಲಧಿಕಾರಿ ಆಡಿದ ಜಾತಿ ಮಾತಿನ ಬಗ್ಗೆ ಲಿಖಿತ ದೂರು ಕೊಟ್ಟಿದ್ದೆ. ಅದಾದ ಮೇಲೆ ನನ್ನ ಮೇಜು ರೆಕಾರ್ಡ್ ರೂಮಿನ ಬಾಗಿಲ ಪಕ್ಕಕ್ಕೆ ಹೋಗಿತ್ತು. ಕಾರಣ ಕೇಳಿದರೆ 'ಡಿಪಿಸಿ (ಇಲಾಖಾ ಬಡ್ತಿ ಸಮಿತಿ) ತೀರ್ಮಾನ' ಅಂತ ಎಲ್ಲರೂ ಸುಮ್ಮನಾಗುತ್ತಿದ್ದರು.

10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆ. ಡಿಪಿಸಿ ನಡಾವಳಿ, ನನ್ನ ಕಾರ್ಯನಿರ್ವಹಣಾ ವರದಿಗಳ ನಕಲು ಕೇಳಿದೆ. ಗುಟ್ಟು ಅಲ್ಲೇ ಇತ್ತು. ದೂರು ಕೊಟ್ಟ ವರ್ಷ ಮಾತ್ರ 'ಸಾಧಾರಣ', ಅದಕ್ಕೆ ಮುಂಚೆ ಎಲ್ಲಾ 'ಅತ್ಯುತ್ತಮ'! ಆ ವರದಿಯನ್ನು ನನಗೆ ತೋರಿಸಿಯೇ ಇರಲಿಲ್ಲ. ಯಾವ ಶ್ರೇಣಿ ಕೊಟ್ಟರೂ ನೌಕರನಿಗೆ ತಿಳಿಸಲೇಬೇಕು ಅಂತ 2008ರ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಲಾಖೆಗೆ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಈ ಮುದ್ರೆ ಬಿಡಬೇಡಿ. ಆರು ತಿಂಗಳು ಉತ್ತರ ಬರದಿದ್ದರೆ, ಮುಂದಿನ ಒಂದು ವರ್ಷದೊಳಗೆ ಕೆಎಸ್‌ಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಅರ್ಜಿ ಹಾಕಬೇಕು. ನನಗಂತೂ ಉತ್ತರ ಬರಲಿಲ್ಲ. ನಮ್ಮ ವಕೀಲರು ಬೈಗುಳಕ್ಕಿಂತ ತಾರೀಕುಗಳ ಮೇಲೇ ಜಾಸ್ತಿ ವಾದ ಮಾಡಿದರು: ದೂರು ಯಾವಾಗ, ವರದಿ ಯಾವಾಗ.

ಆ ವರದಿ ಬದಿಗಿಟ್ಟು ಮತ್ತೆ ಪರಿಶೀಲಿಸಿ ಅಂತ ಆದೇಶವಾಯಿತು. ರಿವ್ಯೂ ಡಿಪಿಸಿ ಕೂತಿತು. ಹಿಂದಿನ ದಿನಾಂಕದಿಂದಲೇ ಬಡ್ತಿ ಸಿಕ್ಕಿತು, ಬಾಕಿ ಸಂಬಳ ಮಾತ್ರ ಇಲ್ಲವಂತೆ. ಅದಕ್ಕೆ ಇನ್ನೊಂದು ಮನವಿ ಟೈಪ್ ಆಗುತ್ತಿದೆ.