ಬೇಲ್ ಆಯಿತು, ಶೂರಿಟಿ ಯಾರು?

ತಾಲೂಕು ಕೋರ್ಟಿನ ಎದುರು ಟೈಪಿಂಗ್ ಮಾಡುತ್ತಾ 22 ವರ್ಷ ಕಳೆದೆ. ವಕಾಲತ್ತು, ಬೇಲ್ ಅರ್ಜಿ, ಅಫಿಡವಿಟ್ಟು ಎಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ನಾನು ವಕೀಲನಲ್ಲ. ಆದರೆ ಮಗನೋ ಮಗಳೋ ಬಂಧನವಾದಾಗ ಹೆತ್ತವರು ಎಲ್ಲಿ ಎಡವುತ್ತಾರೆ ಎಂಬುದನ್ನು ದಿನಾ ಕಾಣುತ್ತೇನೆ.

ಕಳೆದ ಆಷಾಢದಲ್ಲಿ ಒಬ್ಬ ತಾಯಿ ಬಂದರು. ಶುಕ್ರವಾರ ಮಧ್ಯಾಹ್ನ ಮಗನಿಗೆ ಬೇಲ್ ಆಗಿತ್ತು. "ಅಣ್ಣಾ, ಸಂಜೆ ಮನೆಗೆ ಬರ್ತಾನಲ್ಲ?" ಅಂದರು. ಶೂರಿಟಿಗೆ, ಅಂದರೆ ಹುಡುಗನ ಪರ ಜಾಮೀನುದಾರನಾಗಿ ನಿಲ್ಲಲು, ಬಂದಿದ್ದ ಅವರ ತಮ್ಮನ ಪಹಣಿ ನೋಡಿದೆ. ಜಮೀನಿನ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ತೀರಿಕೊಂಡ ಅಪ್ಪನ ಹೆಸರೇ ಇತ್ತು, ಪೌತಿ ಖಾತೆ ಆಗಿರಲಿಲ್ಲ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬದಲಾಗಿರಲಿಲ್ಲ. ಬೇರೆ ಶೂರಿಟಿ ಹುಡುಕುವ ಹೊತ್ತಿಗೆ ಕೋರ್ಟು ಮುಗಿಯಿತು. ಮರುದಿನ ಎರಡನೇ ಶನಿವಾರ. ಹುಡುಗ ಮಂಗಳವಾರ ಹೊರಗೆ ಬಂದ. ಆದೇಶ ಕೈಯಲ್ಲಿದ್ದೂ ಆ ತಾಯಿ ನಾಲ್ಕು ರಾತ್ರಿ ಕಾದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಠಾಣೆ. ಠಾಣೆಯಲ್ಲಿ ದಾಖಲಾದ ಕೇಸಿನ ಕ್ರೈಂ ನಂಬರ್ ಏನು, ಯಾವ ಸೆಕ್ಷನ್, ಜಾಮೀನು ಸಿಗುವ ಅಪರಾಧವೋ ಅಲ್ಲವೋ, ಯಾವ ಕೋರ್ಟಿಗೆ ಹಾಜರುಪಡಿಸುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬಂಧನಕ್ಕೆ ಕಾರಣ ಏನೆಂದು ಹೇಳುವುದು, ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅರೆಸ್ಟ್ ಮೆಮೋದಲ್ಲಿ ದಿನಾಂಕದ ಜೊತೆ ಗಂಟೆಯೂ ಸರಿಯಾಗಿದೆಯೇ ನೋಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಜಾಮೀನು ಸಿಗುವ ಅಪರಾಧವಾದರೆ ಠಾಣೆಯಲ್ಲೇ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು, ಅದು ಹಕ್ಕು. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಈ ಹಕ್ಕು ಕೊಡುವ ಹಳೆಯ 436ನೇ ಸೆಕ್ಷನ್ ಈಗ 478. ಬಂಧಿಸದೆ ಠಾಣೆಗೆ ಹಾಜರಾಗಲು ಹೇಳುವ ಹಳೆಯ 41ಎ ನೋಟಿಸು ಈಗ 35ನೇ ಸೆಕ್ಷನ್. ಆ ನೋಟಿಸು ಬಂದರೆ ಹೆದರಿ ಊರು ಬಿಡಬೇಡಿ. ಹೇಳಿದ ದಿನ ಹಾಜರಾಗಿ.

ಇನ್ನು ಬಾಂಡು. "50,000ದ ಬಾಂಡು" ಎಂದೊಡನೆ ಜನ ಒಡವೆ ಅಡ ಇಡಲು ಓಡುತ್ತಾರೆ. ಶೂರಿಟಿ ಕೇಳಿದ್ದರೆ ಅಷ್ಟು ನಗದು ಕಟ್ಟುವ ಮಾತಿಲ್ಲ. ಆರೋಪಿ ತಪ್ಪಿಸಿಕೊಂಡರೆ ಕೋರ್ಟು ಮುಟ್ಟುಗೋಲು ಹಾಕಿಕೊಂಡು ಶೂರಿಟಿಯಿಂದ ವಸೂಲಿ ಮಾಡಬಹುದಾದ ಮೊತ್ತ ಅದು. ಹಾಗಾಗಿ ಸಹಿ ಹಾಕುವ ಮಾವನಿಗೋ ದೊಡ್ಡಪ್ಪನಿಗೋ ಇದನ್ನು ಮೊದಲೇ ಬಿಡಿಸಿ ಹೇಳಿ. ಹುಡುಗನ ಮೇಲೆ ನಂಬಿಕೆ ಹೋದರೆ ಶೂರಿಟಿಯಿಂದ ಬಿಡಿಸಿಕೊಳ್ಳಲು ಅವರೇ ಕೋರ್ಟಿಗೆ ಅರ್ಜಿ ಹಾಕಬಹುದು ಎಂಬುದೂ ಅವರಿಗೆ ಗೊತ್ತಿರಲಿ.

ಶೂರಿಟಿ ತರಬೇಕಾದದ್ದು: ಹೊಸದಾಗಿ ತೆಗೆಸಿದ ಪಹಣಿ, ಕಂದಾಯದ ರಸೀದಿ, ಆಧಾರ್, ಫೋಟೋ. ಪೇಟೆಯವರಾದರೆ ಖಾತಾ ನಕಲು, ನೌಕರರಾದರೆ ಸಂಬಳದ ಚೀಟಿ, ಗುರುತಿನ ಚೀಟಿ. ಪಹಣಿಯಲ್ಲಿ ಹೆಸರು ಆಧಾರಿನಲ್ಲಿದ್ದಂತೆಯೇ ಇದೆಯೇ, ಹನ್ನೊಂದನೇ ಕಾಲಂನಲ್ಲಿ ಸಾಲದ ಬೋಜಾ ಎಷ್ಟಿದೆ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಬೇರೆ ಯಾರಿಗಾದರೂ ಶೂರಿಟಿ ನಿಂತಿದ್ದರೆ ಮುಚ್ಚಿಡಬಾರದು, ಕೋರ್ಟು ಅದನ್ನು ಬರವಣಿಗೆಯಲ್ಲೇ ಕೇಳುತ್ತದೆ. ಕೈಯಲ್ಲಿ ಇನ್ನೊಬ್ಬ ಶೂರಿಟಿ ಸಿದ್ಧವಿದ್ದರೆ ಒಳ್ಳೆಯದು.

ಗೇಟಿನ ಬಳಿ "ಇಷ್ಟು ಕೊಡಿ, ಶೂರಿಟಿ ನಾನು ತರ್ತೀನಿ" ಎನ್ನುವವರು ಸಿಗುತ್ತಾರೆ. ಕೈಮುಗಿದು ಹೇಳುತ್ತೇನೆ, ಅವರ ಹಿಂದೆ ಹೋಗಬೇಡಿ. ಅಮೆರಿಕದಂತೆ ಹಣ ಪಡೆದು ಬಾಂಡು ಕೊಡುವ ವ್ಯಾಪಾರಕ್ಕೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ. ಪಹಣಿ ನಕಲಿಯಾದರೆ ಇನ್ನೊಂದು ಕೇಸು ಬೀಳುತ್ತದೆ, ಸಿಕ್ಕ ಬೇಲೂ ರದ್ದಾಗಬಹುದು.

ಯಾರೂ ಶೂರಿಟಿ ಸಿಗದ ಬಡವರಿಗೂ ದಾರಿಯಿದೆ. ಜಾಮೀನು ಸಿಗುವ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಶೂರಿಟಿ ಕೊಡಲಾಗದಿದ್ದರೆ ಆತ ನಿರ್ಗತಿಕ ಎಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಬೇಲ್ ಆದೇಶವಾಗಿ ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ, ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದೆಂದು ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಹೇಳಿದೆ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ.

ಶೂರಿಟಿ ಒಪ್ಪಿಗೆಯಾದ ಮೇಲೆ ಬಿಡುಗಡೆ ಆದೇಶ ಜೈಲಿಗೆ ತಲುಪಬೇಕು. ಅದು ಹೋಯಿತೇ ಎಂದು ವಕೀಲರನ್ನು ಕೇಳಿ. ಬೇರೆ ಕೇಸಿನ ವಾರಂಟು ಬಾಕಿಯಿದ್ದರೆ ಜೈಲಿನವರು ಬಿಡುವುದಿಲ್ಲ.

ಹೊರಗೆ ಬಂದ ದಿನವೇ ಪ್ರತಿ ಕೇಸಿಗೂ ಕೋರ್ಟಿನಲ್ಲಿ ಸಿಗುವ 16 ಅಕ್ಷರ, ಅಂಕೆಗಳ ಸಿಎನ್‌ಆರ್ ನಂಬರನ್ನು ಇ-ಕೋರ್ಟ್ಸ್ ಆ್ಯಪಿಗೆ ಹಾಕಿ ಮುಂದಿನ ತಾರೀಖು ನೋಡಿಕೊಳ್ಳಿ. ತಾರೀಖು ತಪ್ಪಿದರೆ ವಾರಂಟು ಬರುತ್ತದೆ, ಶೂರಿಟಿಗೂ ನೋಟಿಸು ಹೋಗುತ್ತದೆ. ಜ್ವರ ಬಂದು ಹೋಗಲಾಗದಿದ್ದರೆ ಬೆಳಗ್ಗೆ ಹತ್ತರೊಳಗೆ ವಕೀಲರಿಗೆ ತಿಳಿಸಿ, ಆಸ್ಪತ್ರೆ ಚೀಟಿ ಕಳಿಸಿ. ಸಹಿ ಹಾಕಿದ ದೊಡ್ಡಪ್ಪನಿಗೂ ಒಂದು ಫೋನ್ ಮಾಡಿ.