ಗುಂಡಿಯ ಫೋಟೋ ಹಾಕುವ ಮುಂಚೆ

ರಸ್ತೆ ಗುಂಡಿಯ ಫೋಟೋ ಹಾಕಿ ಸುಮ್ನೆ ಬೈದರೆ ಲೈಕ್ ಬರುತ್ತದೆ, ಕೆಲಸ ಆಗುವುದಿಲ್ಲ.

ಮೊದಲು ಆ ರಸ್ತೆ ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಳ್ಳಿ. ತಪ್ಪು ಕಚೇರಿಗೆ ಟ್ಯಾಗ್ ಮಾಡಿದರೆ ‘ನಮಗೆ ಸಂಬಂಧವಿಲ್ಲ’ ಅಂತ ಕೈ ತೊಳೆದುಕೊಳ್ಳುತ್ತಾರೆ. ಹತ್ತು ಜನರನ್ನು ಟ್ಯಾಗ್ ಮಾಡಿದರೂ ಅಷ್ಟೇ, ಇನ್ನೊಬ್ಬರು ನೋಡಿಕೊಳ್ಳಲಿ ಅಂತ ಎಲ್ಲರೂ ಸುಮ್ಮನಿರುತ್ತಾರೆ.

ಫೋಟೋ ಎರಡಿರಲಿ. ಒಂದು ಹತ್ತಿರದಿಂದ, ಇನ್ನೊಂದು ದೂರದಿಂದ, ಯಾವುದಾದರೂ ಕಟ್ಟಡವೋ ಕಂಬದ ನಂಬರೋ ಕಾಣುವ ಹಾಗೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಲ್ಲಿ ಲೊಕೇಶನ್ ಮಾಹಿತಿ ಉಳಿಯುವುದಿಲ್ಲ. ಹಾಗಾಗಿ ಜಾಗ, ದಿನಾಂಕ ಬರೆದೇ ಹಾಕಿ. ಓಡಾಡುವವರ ಮುಖ, ಗಾಡಿ ನಂಬರ್ ಮಾತ್ರ ಬೇಡ.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಪೋಸ್ಟ್ ಹಾಕಿದ ಮಾತ್ರಕ್ಕೆ ದೂರು ಕೊಟ್ಟಂತಲ್ಲ. ಕಚೇರಿಯಲ್ಲೋ ಅಧಿಕೃತ ಆ್ಯಪ್‌ನಲ್ಲೋ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಪೋಸ್ಟ್‌ನಲ್ಲಿ ಹಾಕಿ. ಆಗ ‘ಗೊತ್ತೇ ಇರಲಿಲ್ಲ’ ಅನ್ನಲು ಆಗುವುದಿಲ್ಲ. ಬ್ರಿಟನ್‌ನಲ್ಲಿ 2007ರಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ಅನ್ನುವ ವೆಬ್‌ಸೈಟ್ ಮಾಡುವುದೂ ಇದನ್ನೇ. ದೂರು ಸ್ಥಳೀಯ ಆಡಳಿತಕ್ಕೂ ಹೋಗುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ.

ಉತ್ತರ ಬರಲಿಲ್ಲವೇ? ಹೊಸ ಪೋಸ್ಟ್ ಬೇಡ, ಹಳೆಯದರ ಕೆಳಗೇ ಹೊಸ ಫೋಟೋ ಸೇರಿಸುತ್ತಾ ಹೋಗಿ. ರಿಪೇರಿಯಾದರೆ ಆ ಫೋಟೋವನ್ನೂ ಹಾಕಿ. ಕೆಲಸ ಮಾಡಿದವರಿಗೆ ಅಷ್ಟಾದರೂ ಸಲ್ಲಬೇಕು, ಅಲ್ವಾ?